ಅಪ್ಪನ ಚಪ್ಪಲಿ ಅಂಗಡಿಗೆ ಎರಡನೇ ಬ್ರಾಂಚ್: ಕಾರವಾರವೋ, ಶಿರಸಿಯೋ?

ಅಂಗಡಿಮಗಳು_ಕುಮಟಾ

ಎಲ್ಲರಿಗೂ ನಮಸ್ಕಾರ. ಕುಮಟಾದಲ್ಲಿ ನಮ್ಮದೊಂದು ಚಪ್ಪಲಿ ಅಂಗಡಿ ಇದೆ. ಅಪ್ಪ 1988ರಲ್ಲಿ ಶುರು ಮಾಡಿದ್ದು. ನಾನು ಬೆಂಗಳೂರಿನ ಕೆಲಸ ಬಿಟ್ಟು ಬಂದು ಅವರ ಜೊತೆ ಗಲ್ಲೆಗೆ ಕೂತು ನಾಲ್ಕು ವರ್ಷ ಆಯಿತು. ವ್ಯಾಪಾರ ಚೆನ್ನಾಗಿದೆ. ಈಗ ಎರಡನೇ ಅಂಗಡಿ ತೆಗೆಯಬೇಕು ಅಂತ ನನ್ನ ಆಸೆ. ಕಾರವಾರದಲ್ಲಿ ಒಂದು ಜಾಗ ನೋಡಿದ್ದೇನೆ, ಶಿರಸಿಯಲ್ಲೂ ಒಂದು ಇದೆ.

ಅಪ್ಪ ಮಾತ್ರ ಒಪ್ಪುತ್ತಿಲ್ಲ. ಹದಿನೈದು ವರ್ಷದ ಹಿಂದೆ ಹೊನ್ನಾವರದಲ್ಲಿ ಒಂದು ಬ್ರಾಂಚ್ ಮಾಡಿ, ಎರಡೇ ವರ್ಷಕ್ಕೆ ಮುಚ್ಚಿದ್ದರು. ಈಗಲೂ ಆ ರಸ್ತೆಯಲ್ಲಿ ಹೋಗುವಾಗ ಆ ಶಟರ್ ಕಡೆ ನೋಡುವುದಿಲ್ಲ. ಯಾಕೆ ಮುಚ್ಚಿತು ಅಂತ ಕೇಳಿದರೆ "ಹೋಗಲಿ ಬಿಡು" ಅನ್ನುತ್ತಾರೆ.

ನನ್ನ ಪ್ರಶ್ನೆ ಇಷ್ಟೆ. ಮೆಟ್ರೋ ಶೂಸ್ 1955ರಲ್ಲಿ ಮುಂಬೈ ಕೊಲಾಬಾದಲ್ಲಿ ಒಂದೇ ಅಂಗಡಿಯಾಗಿ ಶುರುವಾಯಿತು. ಈಗ ದೇಶದ ತುಂಬ 800ಕ್ಕೂ ಹೆಚ್ಚು ಅಂಗಡಿ. ಖಾದಿಮ್ ಕೋಲ್ಕತ್ತಾದ ಚಿತ್ಪುರದ ಒಂದು ಚಿಕ್ಕ ಅಂಗಡಿಯಿಂದ ಬೆಳೆದದ್ದು. ಇವರೆಲ್ಲ ಒಂದರಿಂದ ಎರಡಕ್ಕೆ ಹೋದದ್ದು ಹೇಗೆ? ಎರಡರಿಂದ ಇಪ್ಪತ್ತಕ್ಕೆ ಹೋಗುವುದು ಸುಲಭ ಅಂತಾರೆ, ಒಂದರಿಂದ ಎರಡೇ ಕಷ್ಟವಂತೆ. ವ್ಯಾಪಾರ ಗೊತ್ತಿದ್ದವರು ದಯವಿಟ್ಟು ಹೇಳಿ.

ಸದಾಶಿವಗಡ

ಕಾರವಾರಕ್ಕೆ ಬನ್ನಿ. ಜಿಲ್ಲಾ ಕೇಂದ್ರ, ಸರ್ಕಾರಿ ನೌಕರರು, ಕೈಗಾದವರು, ನೌಕಾನೆಲೆಯವರು. ತಿಂಗಳ ಸಂಬಳದ ಜನ ಇರುವ ಊರು ಇದು. ಕದಂಬ ನೌಕಾನೆಲೆ 2005ರಲ್ಲಿ ಶುರುವಾದ ಮೇಲೆ ಪಂಜಾಬ್, ಹರಿಯಾಣದ ಕುಟುಂಬಗಳೂ ಬಂದಿವೆ. ಅವರಿಗೆ 10, 11 ಸೈಜ್ ಬೇಕು. ಇಲ್ಲಿ ಸಿಗುವುದಿಲ್ಲ.

ಬೈತಖೋಲ_ಹುಡುಗ

ಸದಾಶಿವಗಡದವರೇ, ನೌಕಾಪಡೆಯವರಿಗೆ ಕ್ಯಾಂಟೀನ್ ಇದೆ. ಬ್ರಾಂಡ್ ಶೂ ಅಲ್ಲೇ ಕಮ್ಮಿಗೆ ಸಿಗುತ್ತದೆ. ಅವರನ್ನು ನಂಬಿ ಅಂಗಡಿ ತೆಗೆಯಬೇಡಿ. ಇನ್ನೊಂದು ಮಾತು. ಕಾರವಾರದವರು ಮದುವೆ ಖರೀದಿಗೆ ಮಡಗಾಂವ್‌ಗೆ ಹೋಗುತ್ತಾರೆ. ಬೆಳಿಗ್ಗೆ ರೈಲು ಹತ್ತಿದರೆ ಸಂಜೆ ವಾಪಸ್.

ಘಟ್ಟದಮೇಲೆ

ಶಿರಸಿಗೆ ಬನ್ನಿ ತಂಗಿ. ಒಂದೇ ಕಾರಣ ಹೇಳುತ್ತೇನೆ. ನಿಮ್ಮ ಕೆಳಗಿನ ಪೇಟೆಯಲ್ಲಿ ಜೂನ್, ಜುಲೈ ಕೈಯಲ್ಲಿ ದುಡ್ಡಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ನಮ್ಮಲ್ಲಿ ಅಡಿಕೆ ಕೊಯ್ಲು ನವೆಂಬರಿನಿಂದ ಫೆಬ್ರವರಿ. ಅಡಿಕೆ ವ್ಯಾಪಾರ ಆದ ವಾರ ಮನೆಮಂದಿಯೆಲ್ಲ ಪೇಟೆಗೆ ಬರುತ್ತಾರೆ. ಬಟ್ಟೆ, ಪಾತ್ರೆ, ಚಪ್ಪಲಿ ಎಲ್ಲ ಒಂದೇ ದಿನ. ಮೇಲೊಂದು ಕೆಳಗೊಂದು ಅಂಗಡಿ ಇದ್ದರೆ ಒಂದು ಕಡೆ ಗಲ್ಲೆ ಖಾಲಿ ಇದ್ದಾಗ ಇನ್ನೊಂದು ಕಡೆ ತುಂಬಿರುತ್ತದೆ.

ಮಾರಿಕಾಂಬಾ ಜಾತ್ರೆ ಬೇರೆ. ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನ ಸುತ್ತ ಚಪ್ಪಲಿ ಸ್ಟಾಲ್‌ಗಳ ಸಾಲು ನೋಡಿದ್ದೀರಲ್ಲ.

ಅಘನಾಶಿನಿ_ತೀರ

ಜಾತ್ರೆಯಲ್ಲಿ ಹೊರಗಿನಿಂದ ಬಂದವರು 150, 200 ರೂಪಾಯಿಗೆ ಮಾರಿ ಹೋಗುತ್ತಾರೆ. ಊರಿನ ಅಂಗಡಿಯವರಿಗೆ ಆ ತಿಂಗಳು ವ್ಯಾಪಾರ ಇಳಿಯುತ್ತದೆ, ಏರುವುದಿಲ್ಲ. ಲೆಕ್ಕಕ್ಕೆ ಹಿಡಿಯಬೇಡಿ.

ರಖಂ_ಹುಬ್ಬಳ್ಳಿ

ನಾನು 22 ವರ್ಷದಿಂದ ಪಾದರಕ್ಷೆ ರಖಂ ವ್ಯಾಪಾರದಲ್ಲಿದ್ದೇನೆ. ನಿಮ್ಮ ಜಿಲ್ಲೆಗೂ ಮಾಲು ಕಳಿಸುತ್ತೇನೆ. ನಿಮ್ಮ ತಂದೆಯವರ ಹೊನ್ನಾವರದ ಅಂಗಡಿ ಯಾಕೆ ಮುಚ್ಚಿತು ಅಂತ ನಾನು ಅಂದಾಜು ಮಾಡಬಲ್ಲೆ. ಎಷ್ಟೋ ಜನರದ್ದು ನೋಡಿದ್ದೇನೆ.

ಸೀರೆ ಅಂಗಡಿಯಲ್ಲಿ ಒಂದು ಡಿಸೈನ್ ಅಂದರೆ ಒಂದು ಸೀರೆ. ಚಪ್ಪಲಿಯಲ್ಲಿ ಹಾಗಲ್ಲ. ಗಂಡಸರ ಒಂದು ಡಿಸೈನ್, ಒಂದು ಬಣ್ಣ ತೆಗೆದುಕೊಳ್ಳಿ. 6ರಿಂದ 10ರವರೆಗೆ ಐದು ಸೈಜ್. 7, 8, 9 ಎರಡೆರಡು, 6 ಮತ್ತು 10 ಒಂದೊಂದು. ಒಟ್ಟು 8 ಜೊತೆ. ಮೂರು ಬಣ್ಣ ಇಟ್ಟರೆ 24 ಜೊತೆ. ಇಂಥ ನೂರು ಡಿಸೈನ್ ಇಟ್ಟರೆ 2400 ಜೊತೆ. ಜೊತೆಗೆ ಸರಾಸರಿ 400 ರೂಪಾಯಿ ಖರೀದಿ ಅಂದರೂ 9.6 ಲಕ್ಷ ಬರೀ ಗಂಡಸರ ಕಪಾಟಿನಲ್ಲಿ ಕೂತಿತು. ಹೆಂಗಸರದ್ದು, ಮಕ್ಕಳದ್ದು ಬೇರೆ.

ಈಗ ಮೊದಲ ವಾರ 8ರ ಎರಡು ಜೊತೆ ಹೋಯಿತು ಅನ್ನಿ. ಆಮೇಲೆ ಬಂದ ಗಿರಾಕಿ ಅದೇ ಡಿಸೈನ್ ಮೆಚ್ಚಿ 8 ಕೇಳಿದರೆ ಇಲ್ಲ. ಕಪಾಟು ತುಂಬಿದೆ, ಆದರೆ ಮಾರಲು ಮಾಲಿಲ್ಲ. ಇದಕ್ಕೆ ನಾವು ಕಟ್ ಸೈಜ್ ಅನ್ನುತ್ತೇವೆ. ಚಪ್ಪಲಿ ಅಂಗಡಿ ಸಾಯುವುದು ಗಿರಾಕಿ ಬರದೆ ಅಲ್ಲ, ಕಟ್ ಸೈಜಿನಿಂದ.

ಎರಡನೇ ಅಂಗಡಿ ಮಾಡುವವರು ಹೆಚ್ಚಿನವರು ಹೊಸ ಬಂಡವಾಳ ಬಾಡಿಗೆಗೆ, ಡಿಪಾಸಿಟ್‌ಗೆ, ಗಾಜಿನ ಶೋಕೇಸಿಗೆ ಹಾಕುತ್ತಾರೆ. ಮಾಲು ಮಾತ್ರ ಮೊದಲ ಅಂಗಡಿಯಿಂದ ಅರ್ಧ ತೆಗೆದು ಒಯ್ಯುತ್ತಾರೆ. ಒಂದು ಒಳ್ಳೇ ಅಂಗಡಿ ಹೋಗಿ ಎರಡು ಕಟ್ ಸೈಜ್ ಅಂಗಡಿ ಆಗುತ್ತದೆ. ನಿಮ್ಮ ತಂದೆಯವರನ್ನು ಇದೊಂದು ಕೇಳಿ ನೋಡಿ.

ಅಂಗಡಿಮಗಳು_ಕುಮಟಾ

ಸರ್, ಇದನ್ನು ಓದಿ ನನಗೆ ಮೈ ಜುಮ್ಮೆಂದಿತು. ಇವತ್ತು ರಾತ್ರಿ ಕೇಳುತ್ತೇನೆ.

ಷೇರುಪೇಟೆ_ಅಂಕೋಲಾ

ದೊಡ್ಡ ಕಂಪನಿಗಳ ಬಗ್ಗೆ ಕೇಳಿದಿರಲ್ಲ, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಮೆಟ್ರೋ ಷೇರುಪೇಟೆಗೆ ಬಂದದ್ದು 2021ರ ಡಿಸೆಂಬರಿನಲ್ಲಿ. ಅಂದರೆ ಶುರುವಾಗಿ 66 ವರ್ಷದ ಮೇಲೆ. ಅವರು ತಾವೇ ಶೂ ತಯಾರಿಸುವುದಿಲ್ಲ, ಬೇರೆಯವರಿಂದ ಮಾಡಿಸುತ್ತಾರೆ. ದುಡ್ಡೆಲ್ಲ ಅಂಗಡಿ ಮತ್ತು ಮಾಲಿನ ಮೇಲೆ. ಹೆಚ್ಚಿನ ಅಂಗಡಿ ಕಂಪನಿಯದ್ದೇ, ನಡೆಸುವವರೂ ಕಂಪನಿಯವರೇ. ಫ್ರಾಂಚೈಸಿ ಕೊಟ್ಟು ಬೆಳೆದವರಲ್ಲ.

ಖಾದಿಮ್ 2017ರ ನವೆಂಬರಿನಲ್ಲಿ ಬಂತು, ಒಂದು ಷೇರಿಗೆ 750 ರೂಪಾಯಿ. ಎರಡು ವರ್ಷದೊಳಗೆ ಅರ್ಧಕ್ಕಿಂತ ಕೆಳಗೆ ಹೋಯಿತು. ಪೂರ್ವ ಭಾರತದಲ್ಲಿ ಅವರ ಹೆಸರು ಮನೆಮನೆಗೂ ಗೊತ್ತು. ದಕ್ಷಿಣದಲ್ಲಿ ಆ ಹಿಡಿತ ಇಲ್ಲ. ಒಂದು ಸೀಮೆಯಲ್ಲಿ ಗೆದ್ದದ್ದು ಇನ್ನೊಂದು ಸೀಮೆಯಲ್ಲಿ ಹಾಗೇ ನಡೆಯುತ್ತದೆ ಅಂತಿಲ್ಲ.

ಗೇರುಬೀಜ

ಬಾಟಾ ಬಿಟ್ಟು ಮಾತಾಡುತ್ತಿದ್ದೀರಿ ಎಲ್ಲರೂ. ನಮ್ಮ ದೇಶದ ಕಂಪನಿ, ಎಲ್ಲ ಊರಲ್ಲೂ ಇದೆ.

ಷೇರುಪೇಟೆ_ಅಂಕೋಲಾ

ಬಾಟಾ ನಮ್ಮ ದೇಶದ್ದಲ್ಲ ಮಾರಾಯ್ರೆ. 1894ರಲ್ಲಿ ಈಗಿನ ಚೆಕ್ ದೇಶದ ಜ್ಲಿನ್ ಅನ್ನುವ ಊರಲ್ಲಿ ಶುರುವಾದದ್ದು. ಇಲ್ಲಿಗೆ ಬಂದದ್ದು 1931ರಲ್ಲಿ, ಕೋಲ್ಕತ್ತಾ ಹತ್ತಿರ. ಬಾಟಾನಗರ ಅಂತ ಊರನ್ನೇ ಕಟ್ಟಿದರು.

ಗೇರುಬೀಜ

ಅರವತ್ತು ವರ್ಷ ಆಯಿತು ನನಗೆ, ಇವತ್ತಿನ ತನಕ ನಮ್ಮದೇ ಅಂದುಕೊಂಡಿದ್ದೆ. ಹೈಸ್ಕೂಲಿಗೆ ಹೋಗುವಾಗ ನನ್ನ ಮೊದಲ ಕಪ್ಪು ಶೂ ಬಾಟಾದ್ದು. ರೇಟು ಯಾವಾಗಲೂ 9ರಲ್ಲಿ ಮುಗಿಯುತ್ತಿತ್ತು. ತಿಳಿಸಿದ್ದಕ್ಕೆ ಧನ್ಯವಾದ.

ಸದಾಶಿವಗಡ

ಹಾಗಿದ್ದರೆ ಪ್ಯಾರಾಗಾನ್ ಆದರೂ ಬೆಂಗಳೂರಿನದು ತಾನೇ?

ರಖಂ_ಹುಬ್ಬಳ್ಳಿ

ಅಲ್ಲ. ಕೇರಳದ ಕೊಟ್ಟಾಯಂ, 1975. ವಿಕೆಸಿ ಕೋಝಿಕ್ಕೋಡಿನದು, 1984. ಕೊಟ್ಟಾಯಂ ಸುತ್ತ ರಬ್ಬರ್ ತೋಟ, ಅದಕ್ಕೇ ಹವಾಯಿ ಚಪ್ಪಲಿ ಅಲ್ಲಿ ಬೆಳೆಯಿತು. ಕಚ್ಚಾಮಾಲು ಮನೆ ಹಿಂದೆಯೇ ಇತ್ತು. ನಮ್ಮ ಕರಾವಳಿ ಮಳೆಗೂ ಅವರ ಮಳೆಗೂ ವ್ಯತ್ಯಾಸ ಇಲ್ಲ, ಹಾಗಾಗಿ ಅವರ ಚಪ್ಪಲಿ ನಮ್ಮಲ್ಲಿ ಬಾಳಿಕೆ ಬರುತ್ತದೆ.

ಹಳೇಬಂದರು

ಮಳೆ ಅಂದದ್ದಕ್ಕೆ ಒಂದು ವಿಷಯ ಹೇಳಬೇಕು. ನನ್ನ ಸೋದರಮಾವ ಒಂದು ಫ್ರಾಂಚೈಸಿ ತೆಗೆದುಕೊಂಡಿದ್ದರು. ಯಾವ ಕಂಪನಿ ಅಂತ ಹೇಳುವುದಿಲ್ಲ. ಮಾಲು ಅವರು ಕಳಿಸಿದ್ದು, ನಾವು ಆರಿಸುವ ಹಾಗಿಲ್ಲ. ಜೂನ್ ತಿಂಗಳಲ್ಲಿ ಚರ್ಮದ ಫಾರ್ಮಲ್ ಶೂ ಎರಡು ಕಾರ್ಟನ್ ಬಂತು. ಆಗಸ್ಟಿಗೆ ಬಾಕ್ಸ್ ತೆಗೆದರೆ ಬಿಳಿ ಬೂಸು. ದಿನಾ ಸಂಜೆ ಅತ್ತೆ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರು. ಮರುವಾರ ಮತ್ತೆ ಬೂಸು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಪಿಯು ಸೋಲ್‌ನದು. ಎರಡು ವರ್ಷ ಮೂಲೆಯಲ್ಲಿದ್ದ ಒಂದು ಜೊತೆಯನ್ನು ಮೇಷ್ಟ್ರೊಬ್ಬರು ಹಾಕಿ ನೋಡಿದರು. ಮೇಲೆಲ್ಲ ಹೊಸದರಂತೆ ಹೊಳೆಯುತ್ತಿತ್ತು. ಎರಡು ಹೆಜ್ಜೆ ಇಟ್ಟದ್ದೇ ತಡ, ಅಟ್ಟೆ ಅವಲಕ್ಕಿಯಂತೆ ಪುಡಿಪುಡಿಯಾಗಿ ನೆಲಕ್ಕೆ ಉದುರಿತು. ಮಾವ ಕೂತಲ್ಲಿಂದ ಏಳಲೇ ಇಲ್ಲ.

ರಖಂ_ಹುಬ್ಬಳ್ಳಿ

ಪಿಯು ಅಂದರೆ ಪಾಲಿಯುರೆಥೇನ್. ಗಾಳಿಯ ತೇವ ಹೀರಿ ಒಳಗೊಳಗೇ ಒಡೆಯುತ್ತದೆ. ಹಾಕಿಕೊಂಡು ತಿರುಗಿದರೆ ಬಾಳುತ್ತದೆ, ಡಬ್ಬಿಯಲ್ಲಿಟ್ಟರೆ ಬೇಗ ಸಾಯುತ್ತದೆ. ಕರಾವಳಿಯವರು ಪಿಯು ಮಾಲನ್ನು ಒಂದೂವರೆ ವರ್ಷಕ್ಕಿಂತ ಇಡಲೇಬಾರದು ಅಂತ ನನ್ನ ಅನುಭವ. ಬಾಕ್ಸಿನ ಬದಿಗೆ ಬಂದ ತಿಂಗಳು ಮಾರ್ಕರಿನಲ್ಲಿ ಬರೆಯಿರಿ, ಹಳೆಯದನ್ನು ಮುಂದೆ ಇಡಿ. ಮಳೆಗಾಲಕ್ಕೆ ಇವಿಎ (ಹಗುರ ಫೋಮ್), ಪಿವಿಸಿ, ರಬ್ಬರ್ ಸಾಕು.

ಘಟ್ಟದಮೇಲೆ

ಮತ್ತೆ ಗಮ್‌ಬೂಟ್! ಅದನ್ನು ಯಾರೂ ಹೇಳಲಿಲ್ಲ. ಜೂನ್ ಹೊತ್ತಿಗೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ. ಕೊನೆಗೌಡ ಮರ ಹತ್ತುವಾಗ ಬರಿಗಾಲು, ಆದರೆ ಕೆಳಗೆ ಪೈಪ್ ಹಿಡಿಯುವ ನಮಗೆ ತೋಟದಲ್ಲಿ ಉಂಬಳ, ಹಾವು, ಕೆಸರು. ನನ್ನ ಕಾಲಿಗೆ 6 ಸೈಜ್. ಎಲ್ಲಿ ಕೇಳಿದರೂ 8, 9 ಮಾತ್ರ. ಎರಡು ಸಾಕ್ಸ್ ಹಾಕಿ 8ರೊಳಗೆ ಕಾಲು ತುರುಕಿ ಮೂರು ಮಳೆಗಾಲ ಕಳೆದಿದ್ದೇನೆ. ಮನೆಯವಳಿಗೆ 4 ಸೈಜಿನದು ಸಿಕ್ಕಿಯೇ ಇಲ್ಲ. ಹೆಂಗಸರೂ ತೋಟಕ್ಕೆ ಇಳಿಯುತ್ತಾರೆ ಅಂತ ಮಾಡುವವರಿಗೆ ಗೊತ್ತಿಲ್ಲವೋ ಏನೋ.

ಮೀನುಪೇಟೆ_ಅಕ್ಕ

ಹೌದು! ನಮ್ಮ ಕಡೆಯೂ ಅದೇ. ಮೀನು ಮಾರುವ ಹೆಂಗಸರು ಇಡೀ ದಿನ ನೀರಲ್ಲಿ ನಿಲ್ಲುತ್ತಾರೆ. ಜಾರದ ಚಪ್ಪಲಿ ಬೇಕು, ಚಂದದ್ದು ಬೇಡ. ಮತ್ತೆ ಪಾದ ಅಗಲ. ಸಣ್ಣಂದಿನಿಂದ ಬರಿಗಾಲಲ್ಲಿ ನಡೆದ ಕಾಲು. ಉದ್ದಕ್ಕೆ 5 ಸಾಕು, ಅಗಲಕ್ಕೆ 7 ಬೇಕು.

ಪಾಠಶಾಲೆ_ಮೇಷ್ಟ್ರು

ಅಕ್ಕ ಹೇಳಿದ್ದಕ್ಕೆ ಆಧಾರ ಇದೆ. ನಾವು ಬಳಸುವ 6, 7, 8 ಎಲ್ಲ ಇಂಗ್ಲೆಂಡಿನ ಸೈಜು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದದ ಅಳತೆ ತೆಗೆದಿತ್ತು. ನಮ್ಮವರ ಪಾದ ಅಗಲ ಅಂತಲೇ ಬಂತು. ಅದರ ಮೇಲೆ ಭಾರತಕ್ಕೆ 'ಭಾ' ಅನ್ನುವ ಹೊಸ ಅಳತೆ ಕೊಟ್ಟಿದ್ದಾರೆ.

ಸರ್ಕಾರಿ ಶಾಲೆಯ ಶೂ ಬಗ್ಗೆಯೂ ಹೇಳುತ್ತೇನೆ. ಮಗುವಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸ್. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಕಡೆಯಿಂದ ಖರೀದಿ. 1ರಿಂದ 5ನೇ ತರಗತಿಗೆ 265, 6ರಿಂದ 8ಕ್ಕೆ 295, 9-10ಕ್ಕೆ 325 ರೂಪಾಯಿ ಅಂತ ದರ ಇತ್ತು. ಊರಿನ ಅಂಗಡಿಯವರು ಇದಕ್ಕೆ ಕೈ ಹಾಕಬಹುದು, ಲಾಭ ಕಮ್ಮಿ. ಆದರೆ ಒಂದು ಮಾತು ಕೇಳಿಕೊಳ್ಳುತ್ತೇನೆ. ಕೊಡುವವರು ಶಾಲೆಗೆ ಬಂದು ಮಕ್ಕಳ ಕಾಲಿನ ಅಳತೆ ತೆಗೆಯಲಿ. ಒಂದು ವರ್ಷ ನಾನಿದ್ದ ಶಾಲೆಗೆ ಅಂದಾಜಿನ ಮೇಲೆ ಮೂಟೆ ತಂದು ಇಳಿಸಿದರು. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ದೊಡ್ಡ ಶೂಗೆ ಮುಂದೆ ಕಾಗದ ತುಂಬಿಕೊಂಡು ಇಡೀ ವರ್ಷ ಬಂದಳು. ಮಳೆಯಲ್ಲಿ ಆ ಕಾಗದ ಮುದ್ದೆಯಾಗಿ ಕಾಲ್ಬೆರಳು ಬೆಳ್ಳಗಾಗಿರುತ್ತಿತ್ತು.

ಅಂಗಡಿಮಗಳು_ಕುಮಟಾ

ಮೇಷ್ಟ್ರೆ, ಈ ಮೇ ತಿಂಗಳಲ್ಲಿ ನಮ್ಮ ಹತ್ತಿರದ ಎರಡು ಶಾಲೆಗೆ ನಾನೇ ಅಳತೆ ಪಟ್ಟಿ ತೆಗೆದುಕೊಂಡು ಹೋಗುತ್ತೇನೆ. ಮೇಯಲ್ಲಿ ರಜೆ, ಹಾಗಾದರೆ ಶಾಲೆ ಶುರುವಾದ ಮೊದಲ ವಾರ.

ಲೆಕ್ಕಪತ್ರ_ಶಿರಸಿ

ತೆರಿಗೆ ಕಡೆಯ ಒಂದು ಎಚ್ಚರಿಕೆ. ನೀವು ಈಗ ಕಾಂಪೊಸಿಷನ್‌ನಲ್ಲಿದ್ದೀರಾ? ವ್ಯಾಪಾರಿಗಳಿಗೆ 1 ಪರ್ಸೆಂಟ್ ಕಟ್ಟುವ ಪದ್ಧತಿ. ಅದರ ಮಿತಿ ವರ್ಷಕ್ಕೆ 1.5 ಕೋಟಿ. ಎರಡು ಅಂಗಡಿ ಇದ್ದರೆ ಎರಡರ ವಹಿವಾಟೂ ಸೇರಿಸಿ ನೋಡುತ್ತಾರೆ, ಪ್ಯಾನ್ ಒಂದೇ ಅಲ್ವಾ. ಮಿತಿ ದಾಟಿದರೆ ಮಾಮೂಲಿ ಜಿಎಸ್‌ಟಿಗೆ ಬರಬೇಕು, ಬಿಲ್ಲಿನ ಲೆಕ್ಕವೇ ಬದಲಾಗುತ್ತದೆ. ಎರಡನೇ ಅಂಗಡಿಯ ವಿಳಾಸವನ್ನು ಅದೇ ನೋಂದಣಿಗೆ ಸೇರಿಸಬೇಕು. ಅಂಗಡಿ ಕಾಯ್ದೆಯ ಲೈಸೆನ್ಸ್ ಬೇರೆ ತೆಗೆಸಬೇಕು.

ಅಘನಾಶಿನಿ_ತೀರ

ಚಪ್ಪಲಿಗೆ 12 ಪರ್ಸೆಂಟ್ ಅಲ್ವಾ ಜಿಎಸ್‌ಟಿ? ಬಡವರ ಹವಾಯಿಗೂ 12 ಹಾಕಿದ್ದರಲ್ಲ.

ಲೆಕ್ಕಪತ್ರ_ಶಿರಸಿ

ಅದು ಹಳೆಯ ದರ. 2022ರ ಜನವರಿಯಿಂದ ಸಾವಿರದವರೆಗಿನದಕ್ಕೆ 12 ಇತ್ತು. ಅದಕ್ಕೂ ಮುಂಚೆ 5. 2025ರ ಸೆಪ್ಟೆಂಬರ್ 22ರಿಂದ ಜೊತೆಗೆ 2500 ರೂಪಾಯಿವರೆಗೆ 5, ಅದರ ಮೇಲೆ 18. ನಮ್ಮ ಊರುಗಳಲ್ಲಿ ಮಾರುವ ಮಾಲು ಬಹುತೇಕ 2500ರ ಒಳಗೇ ಇರುತ್ತದೆ. ಚಿಕ್ಕ ಅಂಗಡಿಗೆ ಇದು ಒಳ್ಳೇ ಕಾಲ.

ಅಟ್ಟೆಕೆಲಸ

ಕಂಪನಿ, ಷೇರು ಎಲ್ಲ ಆಯಿತು. ಹೊಲಿಯುವವರ ಮಾತನ್ನೂ ಕೇಳಿ. ನಮ್ಮ ಅಜ್ಜ ಅಥಣಿ ಕಡೆಯವರು. ಕೊಲ್ಲಾಪುರಿ ಅಂತ ನೀವು ಕರೆಯುವ ಚಪ್ಪಲಿ ಅಲ್ಲೂ ಆಗುತ್ತದೆ. 2019ರಲ್ಲಿ ಬಂದ ಜಿಐ (ಭೌಗೋಳಿಕ) ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಇವೆ. 2025ರಲ್ಲಿ ಇಟಲಿಯ ಪ್ರಾಡಾ ಅದೇ ಥರದ್ದನ್ನು ವೇದಿಕೆ ಮೇಲೆ ತೋರಿಸಿದಾಗ ಎಲ್ಲರೂ ನಮ್ಮದು ನಮ್ಮದು ಅಂದರು. ಅಂಗಡಿಯಲ್ಲಿ ಕೊಳ್ಳುವಾಗ ಮಾತ್ರ ರೆಕ್ಸಿನ್ನಿನ ನಕಲಿ ಸಾಕು ಅನ್ನುತ್ತಾರೆ.

ತಂಗಿ, ನಿಮ್ಮ ಹೊಸ ಅಂಗಡಿಯಲ್ಲಿ ಒಂದು ಕಪಾಟು ಕೈಕೆಲಸಕ್ಕೆ ಇಡಿ. ಅಕ್ಟೋಬರಿನಿಂದ ಮೇವರೆಗೆ ಮಾತ್ರ ಇಡಿ, ಮಳೆಗಾಲದಲ್ಲಿ ಬೇಡ. ನೀರು ಕುಡಿದರೆ ಆ ಚರ್ಮ ಉಬ್ಬುತ್ತದೆ.

ಬೈತಖೋಲ_ಹುಡುಗ

ಲಿಡ್ಕರ್ ಇದೆಯಲ್ಲ, ರಾಜ್ಯ ಸರ್ಕಾರದ ಚರ್ಮ ಕೈಗಾರಿಕೆ ನಿಗಮ. ಡಾಲಿ ಧನಂಜಯ ರಾಯಭಾರಿ. ಅವರ ಚಪ್ಪಲಿ ತರಿಸಬಹುದು.

ಮೀನುಪೇಟೆ_ಅಕ್ಕ

ವಿಷಯ ಎಲ್ಲೆಲ್ಲಿಗೋ ಹೋಯಿತು. ಆ ಹುಡುಗಿ ಕಾರವಾರವೋ ಶಿರಸಿಯೋ ಅಂತ ಕೇಳಿದ್ದು.

ಸದಾಶಿವಗಡ

ಕಾರವಾರವೇ. ಆದರೆ ಕೆಲಸಕ್ಕೆ ಕೊಂಕಣಿ ಬರುವವರನ್ನು ಇಟ್ಟುಕೊಳ್ಳಿ. ನನ್ನ ತಾಯಿಗೆ 74. ಚಪ್ಪಲಿ ಅಂಗಡಿಗೆ ಹೋದರೆ ಹುಡುಗರು ನಿಂತಲ್ಲಿಂದಲೇ ಬಾಕ್ಸ್ ಚಾಚುತ್ತಾರೆ. ಒಬ್ಬಳು ಹುಡುಗಿ ಮಾತ್ರ ಸ್ಟೂಲ್ ಹಾಕಿ ಕೂತು, ಕೊಂಕಣಿಯಲ್ಲಿ ಮಾತಾಡಿಸಿ, ಹಿಮ್ಮಡಿ ಹಿಡಿದು ಬಾರು ಹಾಕಿಕೊಟ್ಟಳು. ಆಕೆ ಯಾವ ಅಂಗಡಿಗೆ ಕೆಲಸ ಬದಲಿಸುತ್ತಾಳೋ ಅಮ್ಮ ಅಲ್ಲಿಗೇ ಹೋಗುತ್ತಾರೆ.

ರಖಂ_ಹುಬ್ಬಳ್ಳಿ

ಇದನ್ನು ನಾನು ಹೇಳಬೇಕಿತ್ತು, ಮರೆತಿದ್ದೆ. ಎರಡನೇ ಅಂಗಡಿಗೆ ಹೊಸಬರನ್ನು ಕೂರಿಸಬೇಡಿ. ಹತ್ತು ವರ್ಷ ಜೊತೆಗಿದ್ದವರನ್ನು ಕಳಿಸಿ, ಮಾರಾಟದ ಮೇಲೆ ಪಾಲು ಕೊಡಿ. ಹೊಸಬರು ಹಳೇ ಅಂಗಡಿಯಲ್ಲಿ ಕಲಿಯಲಿ.

ಇನ್ನು ಊರಿನ ವಿಷಯ. ನನ್ನ ಪ್ರಕಾರ ಎರಡೂ ಅಲ್ಲ, ಅಂಕೋಲಾ. ಕುಮಟಾದಿಂದ ಬಸ್ಸಿಗೆ ಒಂದು ತಾಸಿನ ದಾರಿ. ಬೆಳಿಗ್ಗೆ 8 ಸೈಜ್ ಇಲ್ಲ ಅಂತ ಫೋನ್ ಬಂದರೆ ಮಧ್ಯಾಹ್ನಕ್ಕೆ ಪಾರ್ಸೆಲ್ ಅಲ್ಲಿರುತ್ತದೆ. ಎರಡು ಅಂಗಡಿಗೆ ಒಂದೇ ಗೋದಾಮು ಸಾಕು.

ಘಟ್ಟದಮೇಲೆ

ಶಿರಸಿಯೂ ಕುಮಟಾದಿಂದ 60 ಕಿಲೋಮೀಟರ್ ಅಷ್ಟೇ ಅಲ್ವಾ?

ಅಘನಾಶಿನಿ_ತೀರ

ದೇವಿಮನೆ ಘಟ್ಟ ಮಳೆಗಾಲದಲ್ಲಿ ಎಷ್ಟು ದಿನ ತೆರೆದಿರುತ್ತದೆ ಅಂತ ನಿಮಗೇ ಗೊತ್ತು ಅಣ್ಣ. ಗುಡ್ಡ ಕುಸಿದರೆ ಯಾಣದ ಕಡೆಯಿಂದ ಸುತ್ತಬೇಕು.

ಹಳೇಬಂದರು

ಹಾಗೆ ನೋಡಿದರೆ ಅಂಕೋಲಾ ದಾರಿಯೂ ಗ್ಯಾರಂಟಿ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಎಷ್ಟು ದಿನ ಬಂದ್ ಆಗಿತ್ತು. ಆ ಜೀವಗಳನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಆ ವರ್ಷವೇ ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ನಮ್ಮ ಜಿಲ್ಲೆಯಲ್ಲಿ ವ್ಯಾಪಾರ ಮಾಡುವವರು ಮೇ ಕೊನೆಗೇ ಎರಡೂ ಅಂಗಡಿಗೆ ಮಳೆಗಾಲದ ಮಾಲು ತುಂಬಿಸಿಕೊಳ್ಳಬೇಕು. ಜೂನ್ ಮೇಲೆ ದಾರಿ ನಂಬುವ ಹಾಗಿಲ್ಲ.

ಅಂಗಡಿಮಗಳು_ಕುಮಟಾ

ಎಲ್ಲರಿಗೂ ಉತ್ತರಿಸಲು ಎರಡು ದಿನ ತಡವಾಯಿತು. ಅವತ್ತು ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಹುಬ್ಬಳ್ಳಿ ಸರ್ ಬರೆದದ್ದನ್ನು ಓದಿ ಹೇಳಿದೆ. ಕಟ್ ಸೈಜ್ ಅನ್ನುವಲ್ಲಿಗೆ ಬಂದಾಗ ಅಪ್ಪ ಎದ್ದು ಒಳಗೆ ಹೋದರು. ಸಿಟ್ಟು ಬಂತೇನೋ ಅಂದುಕೊಂಡೆ. ಐದು ನಿಮಿಷಕ್ಕೆ ಒಂದು ಹಳೇ ನೋಟ್‌ಬುಕ್ ಹಿಡಿದು ಬಂದರು. ಹೊನ್ನಾವರದ ಅಂಗಡಿಯದು. ಮುಂದಿನ ಪುಟಗಳಲ್ಲಿ ದಿನದ ಮಾರಾಟ. ಹಿಂದಿನ ಪುಟಗಳಲ್ಲಿ, ಪೆನ್ಸಿಲಿನಲ್ಲಿ, ವಾಪಸ್ ಹೋದ ಗಿರಾಕಿಗಳ ಲೆಕ್ಕ. "8 ಇಲ್ಲ. 8 ಇಲ್ಲ. 7 ಕಂದು ಇಲ್ಲ. ಲೇಡೀಸ್ 5 ಇಲ್ಲ. 8 ಇಲ್ಲ." ಹನ್ನೊಂದು ಪುಟ ಹೀಗೇ ಇದೆ.

ಅಪ್ಪನಿಗೆ ಆಗಲೇ ಗೊತ್ತಿತ್ತು. ಕೈಯಲ್ಲಿ ದುಡ್ಡಿರಲಿಲ್ಲ, ಅಷ್ಟೇ. ನನ್ನ ಕಾಲೇಜಿನ ಫೀಸು ಅದೇ ವರ್ಷ ಕಟ್ಟಿದ್ದು.

ಈಗ ನಮ್ಮಿಬ್ಬರ ತೀರ್ಮಾನ ಹೀಗಿದೆ. ಮೊದಲು ಇರುವ ಅಂಗಡಿಯ ಪ್ರತಿ ಜೊತೆಯನ್ನೂ ಎಣಿಸುತ್ತೇವೆ. ನಿನ್ನೆ ಶುರು ಮಾಡಿದ್ದೇವೆ, ಅಪ್ಪ ಸೈಜ್ ಕೂಗುತ್ತಾರೆ, ನಾನು ಮೊಬೈಲಿನಲ್ಲಿ ಹಾಕುತ್ತೇನೆ. ಒಂದು ವರ್ಷ ಸೈಜ್ ಪ್ರಕಾರ ಮಾರಾಟ ಬರೆದಿಡುತ್ತೇವೆ, ವಾಪಸ್ ಹೋದವರದ್ದೂ ಸೇರಿಸಿ. ಆಮೇಲೆ ಅಂಕೋಲಾ. ಕಾರವಾರದ ಜಾಗಕ್ಕೆ ಬೇಡ ಅಂತ ಹೇಳಿ ಬಂದೆ. ಹೊಸ ಅಂಗಡಿಯ ಮಾಲಿಗೆ ಪೂರ್ತಿ ಬೇರೆ ದುಡ್ಡು ಕೈಗೆ ಬಂದ ದಿನವೇ ಬಾಡಿಗೆ ಕರಾರು, ಅದಕ್ಕೆ ಮುಂಚೆ ಇಲ್ಲ. ಹದಿಮೂರು ವರ್ಷದಿಂದ ನಮ್ಮಲ್ಲಿರುವ ಅಕ್ಕ ಅಲ್ಲಿಗೆ ಹೋಗಲು ಒಪ್ಪಿದ್ದಾರೆ.

ರಖಂ_ಹುಬ್ಬಳ್ಳಿ

ಆ ನೋಟ್‌ಬುಕ್ ಜೋಪಾನ ಮಾಡಿ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮೊದಲ ಖರೀದಿಗೆ ಬಂದಾಗ 7, 8, 9 ಬಿಡಿಯಾಗಿ ಕೊಡುತ್ತೇನೆ, ಪೂರ್ತಿ ಸೆಟ್ ತೆಗೆದುಕೊಳ್ಳಲೇಬೇಕು ಅಂತಿಲ್ಲ.

ಘಟ್ಟದಮೇಲೆ

ಶಿರಸಿ ತಪ್ಪಿತು ಅಂತ ಸ್ವಲ್ಪ ಬೇಜಾರು. ಇರಲಿ. ಗಮ್‌ಬೂಟ್ 6 ಮತ್ತು 4 ತರಿಸಿದರೆ ಹೇಳಿ ತಂಗಿ, ಕುಮಟಾಕ್ಕೇ ಬರುತ್ತೇನೆ.

ಅಂಗಡಿಮಗಳು_ಕುಮಟಾ

6 ನಿನ್ನೆ ಎಣಿಸುವಾಗ ಅಟ್ಟದ ಮೇಲೆ ಎರಡು ಜೊತೆ ಸಿಕ್ಕಿದೆ ಅಣ್ಣ, ರಬ್ಬರಿನದು, ಗಟ್ಟಿಯಾಗಿದೆ. ಬಗ್ಗಿಸಿ ನೋಡಿದೆ, ಎಲ್ಲೂ ಬಿರುಕಿಲ್ಲ. 4 ಕೇಳಿ ತರಿಸುತ್ತೇನೆ. ಅತ್ತಿಗೆಯ ಪಾದವನ್ನು ಒಂದು ಕಾಗದದ ಮೇಲಿಟ್ಟು ಪೆನ್ನಿನಲ್ಲಿ ಸುತ್ತ ಗೆರೆ ಎಳೆದು ಫೋಟೋ ಕಳಿಸಿ, ಪಕ್ಕದಲ್ಲಿ ಸ್ಕೇಲ್ ಇಡಿ. ಅಗಲ ಎಷ್ಟು ಅಂತ ನೋಡಿಯೇ ಆರ್ಡರ್ ಕೊಡುತ್ತೇನೆ.